ಅಪ್ಪನ ಎಲ್‌ಪಿಗಳಿಗೆ ಹೊಸ ಒಳಕವರು: ಎರಡು ಮಳೆಗಾಲ ಕಳೆದ ಮೇಲೆ

ಎಲ್‌ಪಿ ಅಂದರೆ ಹಾಡು ಕೇಳುವ ಗ್ರಾಮೊಫೋನಿನ ದೊಡ್ಡ ಕಪ್ಪು ತಟ್ಟೆ. ಅಪ್ಪ ಅದಕ್ಕೆ ಪ್ಲೇಟು ಅಂತಿದ್ದರು. ಧಾರವಾಡದ ನಮ್ಮ ಮನೆಯಲ್ಲಿ ಕಬ್ಬಿಣದ ಕಪಾಟಿನ ಕೆಳಗಿನ ಎರಡು ಖಾನೆ ಅವಕ್ಕೇ ಮೀಸಲು. ಮೇಲಿನ ಖಾನೆಯಲ್ಲಿ ಅವ್ವನ ರೇಷ್ಮೆ ಸೀರೆಗಳು, ಕೆಳಗೆ ಅಪ್ಪನ ಪ್ಲೇಟುಗಳು. ಎರಡಕ್ಕೂ ಒಂದೇ ಬೀಗ. ಅಪ್ಪ ಅಂಚೆ ಕಚೇರಿಯಲ್ಲಿದ್ದರು. ಒಂದು ಎಲ್‌ಪಿ ಕೊಳ್ಳಬೇಕಾದರೆ ಎರಡು ತಿಂಗಳು ಮೊದಲೇ ಲೆಕ್ಕ ಹಾಕಬೇಕಿತ್ತು. ಹುಬ್ಬಳ್ಳಿಯಿಂದ ತಂದ ದಿನ ಒಳಗಿನ ಬಿಳಿ ಕಾಗದದ ಕವರಿನ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ತಾರೀಖು ಬರೆಯುತ್ತಿದ್ದರು. ಒಮ್ಮೊಮ್ಮೆ ಜೊತೆಗೆ ಒಂದು ಮಾತು: 'ಮಳೆ ಇತ್ತು', 'ರಾಯರ ಜೊತೆ ಕೇಳಿದೆ', ಹೀಗೆ.

ನಾನು ಪ್ಲೇಟು ಮುಟ್ಟಲು ಹೋದರೆ ಹೇಳುತ್ತಿದ್ದ ಮಾತು ಒಂದೇ. "ಬಟ್ಟ ಹಚ್ಚಬ್ಯಾಡ ತಂಗಿ, ಅಂಚು ಹಿಡಿ."

ಅಂಚು ಹಿಡಿಯುವುದನ್ನು ಅಪ್ಪ ಕಲಿಸಿದರು. ಆದರೆ ಪ್ಲೇಟಿನ ಮೈಯನ್ನು ಎಲ್ಲಕ್ಕಿಂತ ಹೆಚ್ಚು ಮುಟ್ಟುವುದು ನಮ್ಮ ಬೆರಳಲ್ಲ, ಒಳಗಿನ ಕವರು. ದಿನದ 24 ಗಂಟೆ, ವರ್ಷಗಟ್ಟಲೆ ಅದೇ ಅದಕ್ಕೆ ಅಂಟಿಕೊಂಡಿರುತ್ತದೆ. ಅದು ನನಗೆ ಗೊತ್ತಾದದ್ದು ತಡವಾಗಿ, ಕೆಲವು ಪ್ಲೇಟು ಹಾಳಾದ ಮೇಲೆ. ಆ ನಂತರ ಹುಡುಕಿ, ಕೊಂಡು, ಬಳಸಿ ನೋಡಿದ ಒಳಕವರುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹಿರಿಯರು ಬಿಟ್ಟುಹೋದ ಎಲ್‌ಪಿ ಇಟ್ಟುಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ.

ಮೊದಲು ಆ ಹಾಳಾದ ಪ್ಲೇಟುಗಳ ವಿಷಯ.

ಅಪ್ಪ 2018ರಲ್ಲಿ ತೀರಿಕೊಂಡರು. ಮರುವರ್ಷ ನಾನು ಕಪಾಟು ತೆಗೆದು, ಅವರಿಗೆ ತುಂಬ ಇಷ್ಟವಾದ 10 ಎಲ್‌ಪಿ ಆರಿಸಿದೆ. ಹಳೆಯ ಕಾಗದದ ಕವರುಗಳು ಹಳದಿಯಾಗಿದ್ದವು, ಕೆಲವು ಅಂಚಿನಲ್ಲಿ ಹರಿದಿದ್ದವು. ಒಂದು ಸ್ಟೇಷನರಿ ಅಂಗಡಿಯಲ್ಲಿ ದಪ್ಪನೆಯ, ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ ಕವರು ಸಿಕ್ಕಿತು. ಅಳತೆಯೂ ಸರಿ ಇತ್ತು. ಕೈಯಲ್ಲಿ ಹಿಡಿದರೆ ಮೆತ್ತಗೆ, ಗಟ್ಟಿಮುಟ್ಟು. ಇದಕ್ಕಿಂತ ಒಳ್ಳೆಯದು ಯಾವುದಿದೆ ಅಂದುಕೊಂಡು ಹತ್ತಕ್ಕೂ ಹಾಕಿದೆ. ಹೊಸ ರೇನ್‌ಕೋಟಿನ ವಾಸನೆ ಬರುತ್ತಿತ್ತು. ಸ್ವಲ್ಪ ದಿನದಲ್ಲಿ ಹೋಗುತ್ತದೆ ಅಂತ ಬಿಟ್ಟೆ.

ಮೂರು ವರ್ಷದ ಮೇಲೆ ಮಲ್ಲಿಕಾರ್ಜುನ ಮನಸೂರರ ಎಲ್‌ಪಿ ಕೇಳೋಣ ಅಂತ ತೆಗೆದೆ. ಕವರು ಪ್ಲೇಟಿಗೆ ಅಂಟಿಕೊಂಡಿತ್ತು. ಎಳೆದಾಗ ಮೆಲ್ಲಗೆ ಬಿಟ್ಟುಕೊಂಡಿತು. ಕಪ್ಪು ಮೈಯ ಮೇಲೆ ಮೋಡದ ಹಾಗೆ ಬಿಳಿ ಮಸುಕು. ಕವರು ತಾಗಿದ್ದ ಕಡೆಯೆಲ್ಲ ಮಸುಕು, ತಾಗದ ಕಡೆ ಮೊದಲಿನ ಹೊಳಪು. ಒದ್ದೆ ಇರಬೇಕು ಅಂತ ತೊಳೆದೆ. ಹೋಗಲಿಲ್ಲ. ಮೂರು ಸಲ ತೊಳೆದೆ. ಪ್ಲೇಯರಿನ ಮುಳ್ಳು ಇಟ್ಟಾಗ ತಂಬೂರಿಯ ಜೊತೆಗೇ ಬಾಣಲೆಯಲ್ಲಿ ಉಸುಕು ಹುರಿದ ಹಾಗೆ ಸದ್ದು. ಹತ್ತರಲ್ಲಿ ಆರು ಪ್ಲೇಟು ಹೀಗೆ ಆಗಿದ್ದವು. ಅವತ್ತು ನಾನು ಊಟ ಮಾಡಲಿಲ್ಲ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಕಾರಣ ಹುಡುಕದೆ ಬಿಡಲು ಮನಸ್ಸು ಬರಲಿಲ್ಲ. ವಿಷಯ ಹೀಗಿದೆ. ಎಲ್‌ಪಿ ಮಾಡುವುದು ಪಿವಿಸಿ ಜಾತಿಯ ಪ್ಲಾಸ್ಟಿಕ್‌ನಿಂದ. ಆ ಹೊಳೆಯುವ ಮೆತ್ತನೆಯ ಕವರೂ ಪಿವಿಸಿಯೇ. ಆದರೆ ಪಿವಿಸಿ ಸಹಜವಾಗಿ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸುತ್ತಾರೆ. ರೇನ್‌ಕೋಟಿನ ವಾಸನೆ ಅಂದೆನಲ್ಲ, ಅದು ಇದರದ್ದೇ. ವರ್ಷ ಕಳೆದಂತೆ ಅದು ಕವರಿನಿಂದ ಹೊರಬಂದು ಪಕ್ಕದಲ್ಲಿರುವ ಪ್ಲೇಟಿನ ಮೈಗೆ ಇಳಿಯುತ್ತದೆ. ಸೆಕೆ ಮತ್ತು ಒತ್ತಡ ಇದ್ದರೆ ಇನ್ನೂ ಬೇಗ. ಕಬ್ಬಿಣದ ಕಪಾಟಿನಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಒಂದಕ್ಕೊಂದು ಒತ್ತಿ ಇಟ್ಟಿದ್ದೆ. ಆಗಬಾರದ್ದೆಲ್ಲ ಒಟ್ಟಿಗೇ ಆಗಿತ್ತು. ಈ ಮಸುಕು ಮೇಲೆ ಕೂತ ಕೊಳೆಯಲ್ಲ. ಹಾಗಾಗಿ ತೊಳೆದರೆ ಹೋಗುವುದಿಲ್ಲ.

ಆದ್ದರಿಂದ ಮೊದಲ ಮಾತು. ಮನೆಯಲ್ಲಿ ಎಲ್‌ಪಿಗಳಿಗೆ ದಪ್ಪ, ಮೆತ್ತಗಿನ, ಗಾಜಿನಂತೆ ಪಾರದರ್ಶಕ ಕವರು ಹಾಕಿದ್ದರೆ ಇವತ್ತೇ ತೆಗೆಯಿರಿ. ಮೂಸಿ ನೋಡಿ. ವಾಸನೆ ಬಂದರೆ, ಬೆರಳಿಗೆ ಜಿಗುಟು ಅನ್ನಿಸಿದರೆ ಅದು ಬೇಡ. ಒಳ್ಳೆಯ ಒಳಕವರಿನ ಪ್ಲಾಸ್ಟಿಕ್ ಬೇರೆ. ಅದರ ಹೆಸರು ಎಚ್‌ಡಿಪಿಇ, ಪಾಲಿಥೀನ್ ಜಾತಿಯದು. ಅದು ಹಾಲಿನ ಬಣ್ಣಕ್ಕಿರುತ್ತದೆ, ಪೂರ್ತಿ ಪಾರದರ್ಶಕ ಅಲ್ಲ. ಹಗುರ. ಮುದುಡಿದರೆ ಸರಸರ ಅನ್ನುತ್ತದೆ. ವಾಸನೆ ಇಲ್ಲ. ಇದಕ್ಕೆ ಮೆತ್ತಗೆ ಮಾಡುವ ಆ ಎಣ್ಣೆ ಬೆರೆಸುವ ಅಗತ್ಯವೇ ಇಲ್ಲ. ನೋಡಲು ಬಡವಾಗಿ ಕಾಣುವ ಕವರೇ ಇಲ್ಲಿ ಪ್ಲೇಟಿಗೆ ಒಳ್ಳೆಯದು.

ಇನ್ನು ಕಾಗದ. ಎಚ್‌ಎಮ್‌ವಿ ಕಂಪನಿಯ ಹಳೆಯ ಪ್ಲೇಟುಗಳು ಕೆಲವು ಕಾಗದದ ಕವರಿನಲ್ಲಿ ಬಂದಿವೆ, ಕೆಲವು ತೆಳು ಪಾಲಿಥೀನ್ ಚೀಲದಲ್ಲಿ. ಕಾಗದ ಪಿವಿಸಿಯಷ್ಟು ಕೆಟ್ಟದ್ದಲ್ಲ. ಆದರೆ ಅದಕ್ಕೆ ಮೂರು ದೋಷ ಇದೆ. ಪ್ರತಿ ಸಲ ತೆಗೆದು ಹಾಕುವಾಗ ಮೈಯ ಮೇಲೆ ಕೂದಲೆಳೆಯಂಥ ಗೀರು ಮೂಡಿಸುತ್ತದೆ. ಹಳೆಯದಾದಂತೆ ನವೆದು ಧೂಳು ಬಿಡುತ್ತದೆ. ಮತ್ತೆ ನಮ್ಮ ಧಾರವಾಡದ ಮಳೆಯಲ್ಲಿ ಗಾಳಿಯ ತೇವ ಎಲ್ಲ ಹೀರಿಕೊಂಡು ಬೂಸ್ಟಿಗೆ ಮನೆ ಮಾಡಿಕೊಡುತ್ತದೆ. ಆ ತೆಳು ಗೀರುಗಳು ಬಹಳ ಸಲ ಕಿವಿಗೆ ಕೇಳಿಸುವುದೇ ಇಲ್ಲ, ಬೆಳಕಿಗೆ ಹಿಡಿದಾಗ ಮಾತ್ರ ಕಾಣುತ್ತವೆ. ಇದನ್ನೂ ಹೇಳಿಬಿಡಬೇಕು. ಕಿವಿಗೆ ಕೇಳಿಸುವುದು ಧೂಳು. ಎಲ್‌ಪಿಯ ಗೆರೆ ಕೂದಲೆಳೆಗಿಂತ ಅಗಲ ಇಲ್ಲ. ಅದರೊಳಗೆ ಕಾಗದದ ಒಂದು ನಾರು ಕೂತರೆ ಮುಳ್ಳಿಗೆ ಅದು ದಾರಿಯಲ್ಲಿ ಬಿದ್ದ ಕಲ್ಲು. ಎಲ್‌ಪಿಯ ಒಂದು ಮೈಯಲ್ಲಿ ಇರುವುದು ಒಂದೇ ಗೆರೆ, ಸುತ್ತಿ ಸುತ್ತಿ ಒಳಗೆ ಹೋಗುತ್ತದೆ. 22 ನಿಮಿಷದ ಒಂದು ಮೈಯ ಗೆರೆಯನ್ನು ಬಿಚ್ಚಿ ನೇರ ಮಾಡಿದರೆ 450 ಮೀಟರ್ ದಾಟುತ್ತದೆ. ಅಷ್ಟು ಉದ್ದದ ದಾರಿಯಲ್ಲಿ ಧೂಳು ಕೂರಲು ಜಾಗಕ್ಕೇನು ಬರ?

ಸಿನಿಮಾ ಹಾಡಿನ ಪ್ಲೇಟಿಗೆ ಒಂದಿಷ್ಟು ಚಟಪಟ ಇದ್ದರೆ ನಡೆಯುತ್ತದೆ. ಹತ್ತಾರು ಪಿಟೀಲು, ಡೋಲಕ್ಕು ಎಲ್ಲ ಸೇರಿ ಮುಚ್ಚಿಬಿಡುತ್ತವೆ. ಹಿಂದೂಸ್ತಾನಿಯ ಖಯಾಲು ಗಾಯನ ಹಾಗಲ್ಲ. ಮೊದಲು ತಂಬೂರಿ ಒಂದೇ. ನಂತರ ಮೆಲ್ಲಗೆ ಷಡ್ಜ. ಆ ಮೌನದಲ್ಲಿ ಒಂದು 'ಟಿಕ್' ಬಿದ್ದರೂ ಕಿವಿಗೆ ಚುಚ್ಚುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳ, ಅಂದರೆ 78ರ ಕಾಲದಲ್ಲಿ ಒಂದು ಮೈಗೆ ಸುಮಾರು ಮೂರು ನಿಮಿಷ ಮಾತ್ರ ಸಿಗುತ್ತಿತ್ತು. ಇಡೀ ರಾಗವನ್ನು ಅಷ್ಟರಲ್ಲೇ ಹೇಳಿ ಮುಗಿಸಬೇಕು. 1948ರಲ್ಲಿ ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ಹೊರಡಿಸಿತು. ಆಮೇಲೆ ಒಂದೊಂದು ಮೈಗೆ 20 ನಿಮಿಷಕ್ಕೂ ಜಾಸ್ತಿ ಸಿಕ್ಕಿತು. ನಮ್ಮ ಹಿಂದೂಸ್ತಾನಿ ಗಾಯಕರಿಗೆ ಉಸಿರು ಬಿಟ್ಟು, ನಿಧಾನಗತಿಯ ವಿಲಂಬಿತ ಹಾಡಲು ಪ್ಲೇಟಿನಲ್ಲಿ ಜಾಗ ಸಿಕ್ಕಿದ್ದು ಹೀಗೆ. ಆ ಬಿಡುವನ್ನೇ ಧೂಳು ತಿಂದುಹಾಕಿದರೆ ಎಲ್‌ಪಿ ಇದ್ದೂ ಏನು ಬಂತು? ಅದಕ್ಕೇ ನನ್ನ ಪರೀಕ್ಷೆ ಒಂದೇ. ಕವರು ಒಳ್ಳೆಯದೋ ಅಲ್ಲವೋ ಅನ್ನೋದನ್ನು ತಂಬೂರಿಯ ಮೊದಲ ಅರ್ಧ ನಿಮಿಷ ಕೇಳಿ ನೋಡುತ್ತೇನೆ.

ಈಗ ನಾನು ಬಳಸಿದ ಕವರುಗಳು. ಮೂರು ಬಗೆ.

ಮೊದಲನೆಯದು ಜಪಾನಿನ ನಗಾವೊಕಾ ಕಂಪನಿಯ 102 ನಂಬರಿನ ಕವರು. ಮುಳ್ಳು ಮತ್ತು ಮುಳ್ಳು ಕೂರುವ ಕಾರ್ಟ್ರಿಜ್ ಮಾಡುವುದಕ್ಕೆ ಹೆಸರಾದ ಕಂಪನಿ ಇದು. ಒಂದು ಪ್ಯಾಕಿನಲ್ಲಿ 50. ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ತರಿಸಿಕೊಟ್ಟ. ಒಂದಕ್ಕೆ ನನಗೆ ಸುಮಾರು 45 ರೂಪಾಯಿ ಬಿತ್ತು. ಎಚ್‌ಡಿಪಿಇಯದು, ತೀರಾ ತೆಳು. ಸ್ಥಿರ ವಿದ್ಯುತ್ ಕೂಡದಂತೆ ಸಂಸ್ಕರಿಸಿರುತ್ತಾರೆ. ಕೆಳಗಿನ ಎರಡು ಮೂಲೆ ದುಂಡಗಿವೆ. ಆ ದುಂಡು ಮೂಲೆ ಸುಮ್ನೆ ಅಂದಕ್ಕೆ ಅಲ್ಲ. ಪ್ಲೇಟು ಹೇಗೂ ದುಂಡಗೇ ಇದೆ ಅಲ್ವಾ? ಕವರೂ ಅದೇ ಆಕಾರದಲ್ಲಿದ್ದರೆ ಹೊರಗಿನ ರಟ್ಟಿನ ಜಾಕೆಟ್ಟಿನೊಳಗೆ ಮೂಲೆ ಮಡಚಿಕೊಳ್ಳದೆ ಇಳಿಯುತ್ತದೆ.

ನನಗೆ ಇದು ಹಿಡಿಸಿದ್ದಕ್ಕೆ ಬೇರೆಯೇ ಒಂದು ಕಾರಣ ಇದೆ. ಅಪ್ಪ ತಾರೀಖು ಬರೆದ ಆ ಕಾಗದದ ಕವರುಗಳನ್ನು ಎಸೆಯಲು ನನ್ನಿಂದ ಆಗದು. 'ಮಳೆ ಇತ್ತು' ಅಂತ ಬರೆದ ಕೈಯನ್ನು ಎಲ್ಲಿಂದ ತರಲಿ? ಆದರೆ ಪ್ಲೇಟು ಆ ಕಾಗದಕ್ಕೆ ತಾಗಲೂ ಬಾರದು. ತೆಳು ಕವರು ಈ ಎರಡನ್ನೂ ಸರಿಮಾಡಿತು. ಪ್ಲೇಟನ್ನು ನಗಾವೊಕಾ ಕವರಿಗೆ ಹಾಕಿ, ಅಪ್ಪನ ಕಾಗದದ ಕವರನ್ನು ಚಪ್ಪಟೆ ಮಾಡಿ ಅದರ ಹಿಂದೆ ಇಟ್ಟು, ಎರಡನ್ನೂ ಒಟ್ಟಿಗೆ ಜಾಕೆಟ್ಟಿಗೆ ಇಳಿಸುತ್ತೇನೆ. ಜಾಕೆಟ್ಟು ಉಬ್ಬುವುದಿಲ್ಲ. ಹಿಂದೆ ಕಾಗದದ ಆಸರೆ ಇರುವುದರಿಂದ ತೆಳು ಕವರು ಒಳಗೆ ಮುದುಡುವುದೂ ಇಲ್ಲ. ತೆಳು ಕವರು ಅಂದಮೇಲೆ ಯಾವ ಕಂಪನಿಯದಾದರೂ ಕೈ ಸ್ವಲ್ಪ ಸಾವಕಾಶ ಬೇಕು. ಅವಸರದಲ್ಲಿ ತಳ್ಳಿದರೆ ಕೆಳಗೆ ಗುಪ್ಪೆಯಾಗುತ್ತದೆ. ಮೊದಲ ವಾರ ನನಗೂ ಕಷ್ಟವಾಯಿತು. ಈಗ ಕೈಗೆ ರೂಢಿಯಾಗಿದೆ.

ಎರಡನೆಯದು ಮೊಬೈಲ್ ಫಿಡೆಲಿಟಿಯವರದು. ಈ ಕಂಪನಿ 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಮೂಲ ಟೇಪುಗಳಿಂದ ಎಚ್ಚರಿಕೆಯಿಂದ ಎಲ್‌ಪಿ ಮಾಡುವುದಕ್ಕೆ ಹೆಸರು ಪಡೆಯಿತು. ಅವರ ಒರಿಜಿನಲ್ ಮಾಸ್ಟರ್ ಕವರೂ 50ರ ಪ್ಯಾಕಿನಲ್ಲಿ ಬರುತ್ತದೆ. ಒಂದಕ್ಕೆ ಸುಮಾರು 60 ರೂಪಾಯಿ ಕೊಟ್ಟೆ. ಇದರಲ್ಲಿ ಮೂರು ಪದರ. ಹಿಂಭಾಗದಲ್ಲಿ ಎರಡು ಎಚ್‌ಡಿಪಿಇ ಹಾಳೆಗಳ ನಡುವೆ ರೈಸ್ ಪೇಪರ್ ಎನ್ನುವ ತೆಳು ಕಾಗದ ಇಟ್ಟಿದ್ದಾರೆ. ಕಾಗದ ಒಳಗಿದ್ದು ಕವರಿಗೆ ಗಟ್ಟಿತನ ಕೊಡುತ್ತದೆ, ಆದರೆ ಪ್ಲೇಟಿಗೆ ತಾಗುವುದಿಲ್ಲ. ಹಪ್ಪಳದ ನಡುವೆ ಬಟ್ಟೆ ಹಾಕಿ ಪೇರಿಸುವುದನ್ನು ನೋಡಿದವರಿಗೆ ಈ ಉಪಾಯ ತಕ್ಷಣ ಅರ್ಥವಾಗುತ್ತದೆ. ಮುಂಭಾಗ ಅರೆಪಾರದರ್ಶಕ. ತೆಗೆಯದೇನೇ ಲೇಬಲ್ ಓದಬಹುದು. 62 ವಯಸ್ಸಿನ ನನ್ನ ಕಣ್ಣಿಗೆ ಇದು ದೊಡ್ಡ ಅನುಕೂಲ.

ಪದೇ ಪದೇ ಕೇಳುವ ಪ್ಲೇಟಿಗೆ ಇದರಷ್ಟು ಒಳ್ಳೆಯದು ನಾನು ಬೇರೆ ಬಳಸಿಲ್ಲ. ಪ್ಲೇಟು ಒಳಗೆ ಜಾರಿಕೊಂಡು ಹೋಗುವುದೇ ಒಂದು ಸುಖ. ಒಗೆದು ಇಸ್ತ್ರಿ ಮಾಡಿದ ಧೋತರದ ಮೇಲೆ ಕೈ ಆಡಿಸಿದ ಹಾಗೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಉಳಿದಿರುವ ಮನಸೂರರ ಪ್ಲೇಟುಗಳು, ಎಂ.ಎಸ್. ಸುಬ್ಬುಲಕ್ಷ್ಮಿ, ಹೀಗೆ ವಾರಕ್ಕೊಮ್ಮೆಯಾದರೂ ಕೈಗೆ ಬರುವ 50 ಪ್ಲೇಟು ಇದರಲ್ಲಿವೆ. ಇದು ನಗಾವೊಕಾಗಿಂತ ದಪ್ಪ. ಹಾಗಾಗಿ ಇದರ ಜೊತೆ ಅಪ್ಪನ ಕಾಗದವನ್ನೂ ಸೇರಿಸಿದರೆ ಬಿಗಿಯಾದ ಹಳೆಯ ಜಾಕೆಟ್ಟಿನ ಅಂಟು ಬಿಡಬಹುದು. ಆ 50ರ ಕಾಗದಗಳನ್ನು ಬೇರೆ ಫೈಲಿನಲ್ಲಿ ನಂಬರು ಹಾಕಿ ಇಟ್ಟಿದ್ದೇನೆ.

ಮೂರನೆಯದು ನಮ್ಮಲ್ಲೇ ಆಗುವ, ಹೊರಗೆ ಕಾಗದ ಒಳಗೆ ಪಾಲಿಥೀನ್ ಅಂಟಿಸಿದ ಕವರು. ನಡುವೆ ಲೇಬಲ್ ಕಾಣುವ ದುಂಡು ಕಿಂಡಿ. ಒಂದಕ್ಕೆ 20 ರೂಪಾಯಿ ಒಳಗೇ ಸಿಕ್ಕಿತು. ಕಂಪನಿಯ ಹೆಸರು ಇಲ್ಲಿ ಬೇಡ. ಕಲ್ಪನೆ ಒಳ್ಳೆಯದೇ. ಕಾಗದದ ನಿಲುವು, ಪಾಲಿಥೀನಿನ ನುಣುಪು. ನಾನು ತರಿಸಿದ 100ರಲ್ಲಿ ಸುಮಾರು 30ಕ್ಕೆ ಒಳಗಿನ ಪದರ ಸರಿಯಾಗಿ ಅಂಟಿರಲಿಲ್ಲ. ಪ್ಲೇಟು ಹಾಕಲು ಹೋದರೆ ಕಾಗದಕ್ಕೂ ಪದರಕ್ಕೂ ನಡುವೆ ಸೇರಿಕೊಳ್ಳುತ್ತಿತ್ತು. ಇನ್ನು ಕೆಲವದರಲ್ಲಿ ತಳದ ಅಂಟು ಒಣಗಿ ಗಟ್ಟಿ ಗೆರೆಯಾಗಿ ನಿಂತಿತ್ತು. ಅಂಥದ್ದಕ್ಕೆ ಪ್ಲೇಟಿನ ಅಂಚು ತಾಗಬಾರದು. ಚೆನ್ನಾಗಿದ್ದವನ್ನು ಆರಿಸಿ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ತಂದ ಅಗ್ಗದ ಪ್ಲೇಟುಗಳಿಗೆ ಬಳಸುತ್ತಿದ್ದೇನೆ. ಈ ಬಗೆಯ ಕವರು ಕೊಳ್ಳುವವರು ಮೊದಲು ಹತ್ತು ತರಿಸಿ, ಪ್ರತಿಯೊಂದರೊಳಗೂ ಕೈ ಹಾಕಿ ನೋಡಿ. ನಮ್ಮಲ್ಲೇ ಯಾರಾದರೂ ಇದನ್ನು ನಿಗಾ ಇಟ್ಟು ಮಾಡಿದರೆ ನಾನೇ ಮೊದಲು ಕೊಳ್ಳುತ್ತೇನೆ. ಹೊರದೇಶದಿಂದ ಬರುವ ಕವರಿಗೆ ಇಷ್ಟು ದುಡ್ಡು ಕೊಡುವುದು ಎಲ್ಲರಿಗೂ ಆಗುವುದಿಲ್ಲ.

ಸುಮ್ನೆ ಕಣ್ಣಂದಾಜಿಗೆ ಬಿಡಬಾರದು ಅಂತ ಒಂದು ಪರೀಕ್ಷೆ ಮಾಡಿದೆ. ಅದೇ ಸಂಡೇ ಬಜಾರಿನಲ್ಲಿ ಒಂದೇ ಎಲ್‌ಪಿಯ ಎರಡು ಪ್ರತಿ ಸಿಕ್ಕಿದ್ದವು. ಎರಡನ್ನೂ ಒಂದೇ ದಿನ ತೊಳೆದೆ. ಒಂದನ್ನು ಹಳೆಯ ಕಾಗದಕ್ಕೆ, ಇನ್ನೊಂದನ್ನು ನಗಾವೊಕಾ ಕವರಿಗೆ ಹಾಕಿದೆ. ದಿನಕ್ಕೆ ಒಮ್ಮೆ ತೆಗೆಯುವುದು, ಹಾಕುವುದು. ಹೀಗೆ 40 ದಿನ. ಆಮೇಲೆ ರಾತ್ರಿ ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ಕಾಗದದಲ್ಲಿದ್ದ ಪ್ಲೇಟಿನ ಮೇಲೆ ಜೇಡರ ಬಲೆಯಂಥ ಹೊಸ ಗೀರುಗಳು, ಲೇಬಲ್ಲಿನ ಸುತ್ತ ಸಣ್ಣ ಬಿಳಿ ನಾರು. ಇನ್ನೊಂದರ ಮೇಲೆ ಮೊದಲು ಇದ್ದ ಗೀರು ಬಿಟ್ಟು ಹೊಸದು ನನಗೆ ಕಾಣಲಿಲ್ಲ. ಎರಡನ್ನೂ ಹಾಕಿ ಕೇಳಿದೆ. ಮೊದಲ ಅರ್ಧ ನಿಮಿಷದಲ್ಲಿ ಕಾಗದದ್ದು 11 ಸಲ ಟಿಕ್ ಅಂತು, ಇನ್ನೊಂದು 3 ಸಲ. ಎರಡೇ ಪ್ಲೇಟಿನ ಲೆಕ್ಕ ಇದು, ದೊಡ್ಡ ಸಂಶೋಧನೆ ಏನಲ್ಲ. ಆದರೆ ನನ್ನ ಮನಸ್ಸು ಗಟ್ಟಿಮಾಡಿಕೊಳ್ಳಲು ಅಷ್ಟು ಸಾಕಾಯಿತು.

ಸ್ಥಿರ ವಿದ್ಯುತ್ತಿನ ವಿಷಯಕ್ಕೆ ಬಂದರೆ, ಇದನ್ನು ಅನುಭವಿಸಲು ಧಾರವಾಡದ ಜನವರಿಯೇ ಆಗಬೇಕು. ಗಾಳಿ ಒಣಗಿರುತ್ತದೆ. ಕಾಗದದ ಕವರಿನಿಂದ ಪ್ಲೇಟು ಎಳೆದರೆ ಚಟಚಟ ಸದ್ದು, ಮುಂಗೈಯ ರೋಮ ಎದ್ದು ನಿಲ್ಲುತ್ತದೆ. ತರಗತಿಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿಸುತ್ತಿದ್ದೆನಲ್ಲ, ಅದೇ ಪಾಠ. ಪ್ಲೇಟು ಉಜ್ಜಿಕೊಂಡಾಗ ವಿದ್ಯುತ್ ಕೂಡುತ್ತದೆ. ಈ ಪ್ಲಾಸ್ಟಿಕ್ ಅದನ್ನು ಬೇಗ ಬಿಟ್ಟುಕೊಡುವುದಿಲ್ಲ. ಕೋಣೆಯ ಧೂಳೆಲ್ಲ ಹಾರಿಬಂದು ಕೂರುತ್ತದೆ. ಆಗ ಬಟ್ಟೆಯಿಂದ ಒರೆಸಿದರೆ ಇನ್ನೂ ಜಾಸ್ತಿ ಉಜ್ಜಿದ ಹಾಗೆ. ಹೊಸ ಕವರಿನಲ್ಲಿ ಈ ಚಟಚಟ ಪೂರ್ತಿ ಹೋಯಿತು ಅನ್ನಲಾರೆ. ಬಹಳ ಕಡಿಮೆಯಾಗಿದೆ. ಕಳೆದ ಚಳಿಗಾಲದಲ್ಲಿ ರೋಮ ಎದ್ದದ್ದು ನೆನಪಿಲ್ಲ.

ಮಳೆಗಾಲದ ಪರೀಕ್ಷೆ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆ ಬೆವರುತ್ತದೆ. ಉಪ್ಪಿನ ಡಬ್ಬಿ ನೀರಾಗುತ್ತದೆ. 2023ರ ಮತ್ತು 2024ರ ಮಳೆಗಾಲ ಎರಡನ್ನೂ ಈ ಕವರುಗಳು ದಾಟಿವೆ. ಎರಡೂ ವರ್ಷ ದೀಪಾವಳಿ ಹೊತ್ತಿಗೆ ಒಂದೊಂದನ್ನೂ ತೆಗೆದು ನೋಡಿದೆ. ಹೊಸ ಕವರಿನ ಪ್ಲೇಟುಗಳ ಮೇಲೆ ಬೂಸ್ಟಿನ ಚುಕ್ಕೆ ಒಂದೂ ಇರಲಿಲ್ಲ. ಜಾಕೆಟ್ಟಿನ ರಟ್ಟಿನಲ್ಲಿ ಮಾತ್ರ ಕೆಲವು ಕಂದು ಕಲೆ ಬಂದಿವೆ. ಅದನ್ನು ತಡೆಯುವುದು ಒಳಕವರಿನ ಕೆಲಸ ಅಲ್ಲ, ಕಪಾಟನ್ನು ಗೋಡೆಯಿಂದ ದೂರ ಸರಿಸಬೇಕು. ಈ ವರ್ಷ ಒಂದು ಗೇಣು ಸರಿಸಿದ್ದೇನೆ. ವಾರಕ್ಕೊಮ್ಮೆ ಬಿಸಿಲಿದ್ದ ಹೊತ್ತು ಬಾಗಿಲು ತೆರೆದಿಡುತ್ತೇನೆ, ಬಿಸಿಲು ಮಾತ್ರ ನೇರ ಬೀಳಬಾರದು.

ಇನ್ನೊಂದು ವಿಷಯ ಒತ್ತಿ ಹೇಳಬೇಕು. ಎಷ್ಟೇ ಒಳ್ಳೆಯ ಕವರು ತನ್ನಿ, ಕೊಳೆಯಾದ ಪ್ಲೇಟನ್ನು ಹಾಗೇ ಹಾಕಬೇಡಿ. ಹಾಕಿದರೆ ಹಳೆಯ ಧೂಳು ಹೊಸ ಕವರಿಗೆ ಬರುತ್ತದೆ, ಮತ್ತೆ ತೊಳೆದರೂ ಅದೇ ಕವರಿನಿಂದ ವಾಪಸು ಪ್ಲೇಟಿಗೆ ಹೋಗುತ್ತದೆ. ನಾನು ಭಟ್ಟಿ ಇಳಿಸಿದ ನೀರು ಬಳಸುತ್ತೇನೆ. ನಲ್ಲಿಯ ನೀರು ಆರಿದಾಗ ಸುಣ್ಣದ ಕಲೆ ಬಿಡುತ್ತದೆ. ಒಂದು ಪಾತ್ರೆ ನೀರಿಗೆ ಎರಡೇ ಹನಿ ಸೌಮ್ಯ ದ್ರವ ಸೋಪು. ಮೆತ್ತನೆಯ ಬ್ರಷ್ಷಿನಿಂದ ಗೆರೆ ಹೋದ ದಿಕ್ಕಿನಲ್ಲೇ ಸುತ್ತ ತಿಕ್ಕುವುದು, ಲೇಬಲ್ಲಿಗೆ ನೀರು ತಾಗದಂತೆ. ಆಮೇಲೆ ಬರೀ ನೀರಲ್ಲಿ ಎರಡು ಸಲ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪೂರ್ತಿ ಆರುವವರೆಗೆ ಬಿಡುತ್ತೇನೆ. ಒದ್ದೆ ಪ್ಲೇಟು ಕವರಿಗೆ ಹೋಗಲೇಬಾರದು. ದಿನಕ್ಕೆ ನಾಲ್ಕು ಪ್ಲೇಟಿಗಿಂತ ಜಾಸ್ತಿ ನನ್ನಿಂದ ಆಗಲಿಲ್ಲ. 140 ಎಲ್‌ಪಿ ಮುಗಿಯಲು ತಿಂಗಳುಗಳೇ ಹಿಡಿದವು.

ಹಾಕುವ ರೀತಿಯೂ ಇದೆ. ಒಳಕವರಿನ ಬಾಯಿ ಮೇಲಕ್ಕೆ ಬರುವಂತೆ ಜಾಕೆಟ್ಟಿಗೆ ಇಳಿಸಿ. ಜಾಕೆಟ್ಟಿನ ಬಾಯಿ ಪಕ್ಕಕ್ಕೆ, ಕವರಿನ ಬಾಯಿ ಮೇಲಕ್ಕೆ. ಆಗ ಧೂಳಿಗೆ ನೇರ ದಾರಿ ಇಲ್ಲ, ಪ್ಲೇಟು ಜಾರಿ ಕೆಳಗೆ ಬೀಳುವ ಭಯವೂ ಇಲ್ಲ. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದ್ದಕ್ಕೆ ಭಾರ ಬಿದ್ದು ಸೊಟ್ಟಗಾಗುತ್ತದೆ. ಜಾಕೆಟ್ಟು ಸೇರಿ 140 ಎಲ್‌ಪಿ ಅಂದರೆ 30 ಕಿಲೋಗೂ ಹೆಚ್ಚು ತೂಕ. ಓರೆಯಾಗಿ ಒರಗಿಸಿದರೂ ಕಾಲಕ್ರಮೇಣ ಬಾಗುತ್ತದೆ.

78ರ ಪ್ಲೇಟುಗಳಿಗೆ ಈ ಕವರು ಬೇಡ. ಅಜ್ಜನ ಕಾಲದ 18 ಪ್ಲೇಟು ನಮ್ಮಲ್ಲಿವೆ. ಅವು ಪ್ಲಾಸ್ಟಿಕ್ ಅಲ್ಲ. ನಮ್ಮ ದೇಶದಲ್ಲೇ ಬೆಳೆಯುವ ಅರಗಿನಿಂದ ತೆಗೆದ ಶೆಲ್ಯಾಕ್ ಬೆರೆಸಿ ಮಾಡಿದ್ದು. ಹೆಚ್ಚಿನವು ಹತ್ತು ಇಂಚಿನವು, ಬಿದ್ದರೆ ಹಂಚಿನ ಹಾಗೆ ಒಡೆಯುತ್ತವೆ. ಅವಕ್ಕೆ ಆಮ್ಲ ಇಲ್ಲದ ದಪ್ಪ ಕಾಗದದ ಕವರೇ ಸರಿ. ಅವನ್ನು ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ, ಗೆರೆಯೇ ಅಳಿಸಿಹೋಗುತ್ತದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ನಗಾವೊಕಾ ಎರಡು ಪ್ಯಾಕು, ಮೊಬೈಲ್ ಫಿಡೆಲಿಟಿ ಒಂದು ಪ್ಯಾಕು, ಒಟ್ಟು 7,500 ರೂಪಾಯಿ. 14 ತಿಂಗಳಲ್ಲಿ ಹಂಚಿಕೊಂಡು ಕೊಂಡೆ. ಇವತ್ತು ಹೊಸ ಎಲ್‌ಪಿ ಒಂದಕ್ಕೆ ಎರಡು ಸಾವಿರ ದಾಟುವುದು ಸಾಮಾನ್ಯ. ಮೂರು ಹೊಸ ಎಲ್‌ಪಿಯ ದುಡ್ಡಿನಲ್ಲಿ 140 ಹಳೆಯದಕ್ಕೆ ಕವರು ಆಯಿತು. ಎಲ್ಲ ಒಮ್ಮೆಗೇ ಕೊಳ್ಳಲು ಆಗದಿದ್ದರೆ ಒಂದು ಪ್ಯಾಕು ನಗಾವೊಕಾ ತರಿಸಿ, ನಿಮ್ಮ ಮನೆಯಲ್ಲಿ ಮತ್ತೆ ಸಿಗದಂಥ ಪ್ಲೇಟು ಯಾವುವೋ ಅವಕ್ಕೆ ಮೊದಲು ಹಾಕಿ. ಒಂದೇ ಬಗೆ ಆರಿಸು ಅಂದರೆ ನನ್ನ ಓಟು ಅದಕ್ಕೇ. ಕೈಗೆ ಸುಖ ಕೊಡುವುದು ಮೊಬೈಲ್ ಫಿಡೆಲಿಟಿಯ ಕವರು, ನಿಜ. ಆದರೆ ಹಳೆಯ ಜಾಕೆಟ್ಟು, ಹಳೆಯ ಕಾಗದ, ಅಪ್ಪನ ಅಕ್ಷರ ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಬಿಟ್ಟದ್ದು ಆ ತೆಳು ಕವರು.

ಮಸುಕಾದ ಆ ಮನಸೂರರ ಪ್ಲೇಟಿಗೂ ಹೊಸ ಕವರು ಹಾಕಿದ್ದೇನೆ. ಕಾಗದದ ಮೂಲೆಯಲ್ಲಿ '12-9-1976, ಹುಬ್ಬಳ್ಳಿ' ಅಂತಿದೆ. ಎರಡನೇ ಮೈಯ ಕೊನೆಯ ಐದು ನಿಮಿಷ ಮಸುಕು ಕಡಿಮೆ, ಅಲ್ಲಿ ವೇಗದ ದ್ರುತ್ ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಮುಳ್ಳನ್ನು ಅಲ್ಲಿಯೇ ಇಟ್ಟು ಕೇಳುತ್ತೇನೆ. ಇನ್ನು ಉಳಿದಿರುವುದು ಅವ್ವನ 22 ಇಪಿಗಳು, ಏಳು ಇಂಚಿನವು, ಎಲ್ಲ ಸಿನಿಮಾ ಹಾಡು ಮತ್ತು ಭಕ್ತಿಗೀತೆ. ಅವಕ್ಕೆ ಸಣ್ಣ ಅಳತೆಯ ಕವರು ಬೇರೆ ಬೇಕು. ಮೊನ್ನೆ ಅವ್ವನೇ ಕೇಳಿದಳು, "ನಿಮ್ಮಪ್ಪನ ಪ್ಲೇಟಿಗಷ್ಟೇ ಏನು, ನನ್ನವಕ್ಕ ಇಲ್ಲೇನು?" ಅಂತ. ಅವತ್ತು ಸಂಜೆಯೇ ಅಣ್ಣನ ಮಗನಿಗೆ ಫೋನು ಮಾಡಿ 25 ಕವರಿಗೆ ಹೇಳಿದ್ದೇನೆ.